ಎಷ್ಟು ಸಲ ಇಳಿದವು

ಸತ್ಯ ಅವನಿಗೆ ಗೊತ್ತಾದದ್ದು ಕಕ್ಕಸಿನಲ್ಲಿ. ದೊಡ್ಡ ದೊಡ್ಡ ಸತ್ಯಗಳೆಲ್ಲ ಜನರಿಗೆ ಮರದ ಕೆಳಗೋ ಬೆಟ್ಟದ ತುದಿಯಲ್ಲೋ ಗೊತ್ತಾಗುತ್ತವೆಂದು ಅವನು ಕೇಳಿದ್ದ. ತನ್ನ ಹಣೆಬರಹ ನೋಡಿದರೆ ಹೀಗೆ, ಪೈಜಾಮ ಮೊಣಕಾಲಿಗಿಳಿದು, ಒಂದು ಕೈಯಲ್ಲಿ ಮೊಬೈಲು, ಹೊರಗೆ ಬಾಗಿಲು ಬಡಿಯುತ್ತಿರುವ ಅತ್ತೆ. ಪರದೆಯ ಮೇಲೊಂದು ವಂಶವೃಕ್ಷ. ಕೊಂಬೆಗಳ ತುದಿಯಲ್ಲಿ ಚುಕ್ಕೆಗಳು: ಮರ ತಿನ್ನುವ ಜಿರಳೆಗಳಿಗೆ ಕಂದು, ಮಣ್ಣು ತೋಡುವ ಜಿರಳೆಗಳಿಗೆ ಕೆಂಪು. ಕೆಂಪು ಚುಕ್ಕೆಗಳೆಲ್ಲ ಒಂದೇ ಕೊಂಬೆಯಲ್ಲಿ ಗೊಂಚಲಾಗಿ ಕೂತಿರಬೇಕಿತ್ತು, ಅವನು ಬದುಕಿಡೀ ಹೇಳಿಕೊಂಡು ಬಂದದ್ದು ಅದನ್ನೇ. ಆದರೆ ಈ ಹಾಳು ಚುಕ್ಕೆಗಳು ಮರದ ತುಂಬ ಚೆಲ್ಲಾಪಿಲ್ಲಿಯಾಗಿ, ನಾಲ್ಕು ಬೇರೆ ಬೇರೆ ಕೊಂಬೆಗಳಲ್ಲಿ, ಕಂದು ಚುಕ್ಕೆಗಳ ಮಗ್ಗುಲಲ್ಲಿ, ಬೀಗರ ಮನೆಗೆ ಬಂದವರ ಹಾಗೆ ಹಾಯಾಗಿ ಕೂತಿದ್ದವು. ಅವನು ಮೊಬೈಲನ್ನು ಅಡ್ಡ ಹಿಡಿದು ನೋಡಿದ. ತಲೆಕೆಳಗು ಮಾಡಿ ನೋಡಿದ. ತಲೆಕೆಳಗು ಮಾಡಿದರೂ ನಾಲ್ಕು ನಾಲ್ಕೇ ಆಗಿತ್ತು. "ಏನಪ್ಪಾ, ಒಳಗೆ ಮೊಟ್ಟೆ ಇಡ್ತಾ ಇದ್ದೀಯಾ?" ಎಂದು ಅತ್ತೆ ಕೂಗಿದರು. ಅವನು ನೀರಿನ ಕೊಳಾಯಿ ಜೋರಾಗಿ ತಿರುಗಿಸಿದ.

ಅವನಿಗೂ ಹೆಂಡತಿಗೂ ಇದ್ದ ಜಗಳ ಇಷ್ಟೇ. ಬಹಳ ಬಹಳ ಹಿಂದೆ ಈ ಜಿರಳೆಗಳ ಹಿರೀಕರೆಲ್ಲ ಒದ್ದೆ ಕಾಡಿನ ಕೊಳೆತ ದಿಮ್ಮಿಗಳೊಳಗೆ, ಆ ಮರವನ್ನೇ ತಿಂದುಕೊಂಡು, ಗಂಡ ಹೆಂಡತಿ ಮಕ್ಕಳೆಂದು ಸಂಸಾರ ಹೂಡಿಕೊಂಡಿದ್ದರು. ನೆಲ ಒಣಗುತ್ತ ಬಂತು, ಕಾಡು ತೆಳುವಾಯಿತು, ದಿಮ್ಮಿ ಸಿಗದಾಯಿತು. ಆಗ ಕೆಲವು ಮಣ್ಣಿಗಿಳಿದವು. ಕಾಲುಗಳು ಸಲಿಕೆಯಾದವು, ಮೈ ಗುಂಡಗಾಯಿತು, ರೆಕ್ಕೆ ಹೋಯಿತು. ಆಳಕ್ಕೆ ಬಿಲ ತೋಡಿ, ಮೇಲಿಂದ ಒಣಗಿದೆಲೆ ಎಳೆದೊಯ್ದು ತಿನ್ನುವ ಬದುಕಾಯಿತು. ಇಲ್ಲಿಯ ತನಕ ಅವನದೂ ಅವಳದೂ ಒಂದೇ ಮಾತು. ಹೀಗೆ ಇಳಿದದ್ದು ಎಷ್ಟು ಸಲ? ಒಂದೇ ಸಲ, ಎಂದು ಅವನು. ಯಾವುದೋ ಒಂದು ಎದೆಗಾರ ಜಿರಳೆ ಇಳಿಯಿತು, ಮಣ್ಣಿನವೆಲ್ಲ ಅದರ ಮೊಮ್ಮಕ್ಕಳು ಮರಿಮಕ್ಕಳು. ಅಲ್ಲ, ಹಲವು ಸಲ, ಎಂದು ಅವಳು. ಬೇರೆ ಬೇರೆ ಕಡೆಯ ಮರದ ಜಿರಳೆಗಳು ಒಂದರ ಮುಖ ಇನ್ನೊಂದು ನೋಡದೆ ತಮ್ಮ ಪಾಡಿಗೆ ತಾವು ಇಳಿದವು. ಕಷ್ಟ ಒಂದೇ ಆದ್ದರಿಂದ ಕಾಲೂ ಒಂದೇ ಥರ ಆಯಿತು, ಅಷ್ಟಕ್ಕೇ ಅಣ್ಣತಮ್ಮಂದಿರು ಅಂದುಬಿಡೋದಾ? ಈ ಜಗಳ ಮದುವೆಯ ಮೊದಲ ವರ್ಷದಿಂದ, ಒಂದೇ ಸಂಶೋಧನಾ ಸಂಸ್ಥೆಯ ಒಂದೇ ಕೋಣೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಬಸ್ಸಿನಲ್ಲಿ, ದಂತವೈದ್ಯರ ಬಳಿ ಸರದಿ ಕಾಯುವಾಗ ನಡೆದುಕೊಂಡು ಬಂದಿತ್ತು. ಸಂಸ್ಥೆಯಲ್ಲಿ ಎಲ್ಲರೂ ಬೆನ್ನ ಹಿಂದೆ ಅವನನ್ನು ಒಂದೇಸಲ ಎಂದೇ ಕರೆಯುತ್ತಿದ್ದರು. "ಒಂದೇಸಲ ಬಂದ್ರಾ?" "ಒಂದೇಸಲ ಊಟಕ್ಕೆ ಹೋದ್ರು." ಮೊದಮೊದಲು ಅವನಿಗೆ ಮೈ ಉರಿಯುತ್ತಿತ್ತು, ಆಮೇಲೆ ಅದರಲ್ಲೂ ಒಂದು ಗತ್ತು ಕಂಡಿತ್ತು.

ಕೊನೆಗೆ ಈ ವರ್ಷ, ಕೂಡಿಟ್ಟಿದ್ದ ಕಾಲುಗಳನ್ನೆಲ್ಲ ದೊಡ್ಡ ಪ್ರಯೋಗಾಲಯವೊಂದಕ್ಕೆ ಕಳಿಸಿ ಡಿಎನ್‌ಎ ಓದಿಸುವುದೆಂದು ಇಬ್ಬರೂ ಒಪ್ಪಿದ್ದರು. ಒಂದೊಂದು ಜಿರಳೆಯಿಂದ ಒಂದೊಂದು ಕಾಲು, ಎಡಗಡೆಯ ನಡುಗಾಲು. ಅವರ ಕೋಣೆಯ ಜಿರಳೆಗಳೆಲ್ಲ ಐದು ಕಾಲಿನವು. ಫಲಿತಾಂಶ ಬಂದರೆ ಇಬ್ಬರೂ ಒಟ್ಟಿಗೆ, ಎದುರುಬದುರು ಕೂತು, ಚಹಾ ಕುಡಿಯುತ್ತ ತೆಗೆಯಬೇಕು, ಯಾರೂ ಕದ್ದು ನೋಡಬಾರದು ಎಂದು ಅವಳು ಕೈಮೇಲೆ ಕೈಯಿಡಿಸಿ ಆಣೆ ಹಾಕಿಸಿದ್ದಳು. ಅವನು ಆಣೆ ಮುರಿದಿದ್ದ, ಅದೂ ಕಕ್ಕಸಿನಲ್ಲಿ. ಮುರಿದರೂ ಗೆದ್ದಿದ್ದರೆ ಒಂದು ಮಾತು. ಸೋತು, ಆಣೆಯನ್ನೂ ಮುರಿದು, ನಿವೃತ್ತಿಯ ದಿನವೇ! ಥೂ ನಿನ್ನ ಜನ್ಮಕ್ಕೆ, ಎಂದು ಕನ್ನಡಿಯಲ್ಲಿ ಹಲ್ಲುಜ್ಜುತ್ತಿದ್ದವನಿಗೆ ಅವನು ಹೇಳಿದ. ಕನ್ನಡಿಯಲ್ಲಿದ್ದವನು ನೊರೆ ಉಗುಳಿದ.

ತಿಂಡಿಯ ಮೇಜಿನಲ್ಲಿ ಹೆಂಡತಿ ಅವನ ಬ್ರೆಡ್ಡಿಗೆ ತಾನೇ ಬೆಣ್ಣೆ ಸವರಿದಳು. ಇದು ವಿಚಿತ್ರ. ಅವಳು ಮದುವೆಯಾದಾಗಿನಿಂದ ಇನ್ನೊಬ್ಬರ ಬ್ರೆಡ್ಡಿಗೆ ಬೆಣ್ಣೆ ಸವರಿದವಳಲ್ಲ, ನಿಮಗೂ ಕೈ ಇದೆ ನನಗೂ ಕೈ ಇದೆ ಎನ್ನುವ ಜಾತಿ. ಅಂಗಿಗೆ ಇಸ್ತ್ರಿಯನ್ನೂ ಹಾಕಿಟ್ಟಿದ್ದಳು, ಕಾಲರಿನ ಒಳಗಡೆಗೂ. ಅವಳ ಕಣ್ಣೂ ಮೂಗೂ ಕೆಂಪಾಗಿದ್ದವು. ನೆಗಡಿಯಿರಬೇಕು ಎಂದುಕೊಂಡ. ಪಾಪ, ಏನೂ ಗೊತ್ತಿಲ್ಲದೆ ಬೆಣ್ಣೆ ಸವರುತ್ತಿದ್ದಾಳೆ, ಗೆದ್ದದ್ದು ತಾನೇ ಎಂದು ಗೊತ್ತಿಲ್ಲದೆ. ಈಗ ಹೇಳಿಬಿಡಲೇ? 'ನೋಡೇ, ನಾಲ್ಕು ಸಲ' ಅಷ್ಟೇ, ಮೂರು ಪದ. ಬಾಯಿ ತೆರೆದ. ಅತ್ತೆ ಅದರೊಳಗೆ ನೋಡಿ, "ಇವತ್ತಾದ್ರೂ ಮುಗೀತಲ್ಲ ಈ ಜಿರಳೆ ಸಾವಾಸ. ಊರೋರೆಲ್ಲ ಜಿರಳೆ ಕಂಡ್ರೆ ಚಪ್ಪಲಿ ತಗೊಳ್ತಾರೆ, ನನ್ನ ಅಳಿಯ ಚಿಮುಟ ತಗೊಳ್ತಾನೆ. ನಾನೂ ಬರ್ತೀನಿ ಸಭೆಗೆ. ನಿನ್ನನ್ನ ಹೊಗಳೋದು ಹೇಗೆ ಅಂತ ನೋಡ್ಬೇಕು ನಂಗೆ," ಎಂದರು. ಅವನು ತೆರೆದ ಬಾಯಿಗೆ ಬ್ರೆಡ್ಡು ತುರುಕಿಕೊಂಡ.

ಬಸ್ಸಿನಲ್ಲಿ ಇನ್ನೂ ಕೆಟ್ಟದಾಯಿತು. ಬಸ್ಸಿನಲ್ಲಿ ಜಗಳ ಆಡುವುದು ಅವರ ರೂಢಿ, ಎಷ್ಟೆಂದರೆ ದಿನಾ ಬರುವವರು ಅವರ ಹಿಂದಿನ ಸೀಟನ್ನು ಹಿಡಿಯಲು ಓಡುತ್ತಿದ್ದರು, ಒಬ್ಬ ಗುಮಾಸ್ತನಂತೂ ಇಳಿಯುವಾಗ "ನಾನು ಮೇಡಮ್ ಕಡೆ" ಎಂದು ಹೇಳಿಹೋಗುತ್ತಿದ್ದ. ಇವತ್ತು ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಅವನು ಕೆಣಕಿ ನೋಡಿದ. "ಒಂದು ಸಲ ಇಳಿಯೋದೇ ಎಷ್ಟು ಕಷ್ಟ, ಹಲವು ಸಲ ಹೇಗೆ ಇಳಿಯುತ್ತೆ ಹೇಳು," ಎಂದ, ಒಳಗೊಳಗೇ ನಾಚಿಕೆಯಿಂದ ಸಾಯುತ್ತ. ಎಂದಿನಂತೆ ಅವಳು ತಿರುಗಿ, ಬೆರಳೆತ್ತಿ, 'ಬುದ್ಧಿ ಇದೆಯೇನ್ರೀ?' ಎನ್ನಬೇಕಿತ್ತು. "ಹೌದು ರೀ, ಕಷ್ಟಾನೇ," ಎಂದಳು. ಹಿಂದಿನ ಸೀಟಿನ ಗುಮಾಸ್ತ ಕತ್ತು ಚಾಚಿ ನೋಡಿ, ಏನೋ ಮನೆಯಲ್ಲಿ ಸಾವಾಗಿರಬೇಕೆಂದು ಹಿಂದೆ ಸರಿದು ಕೂತ. ಗಂಡ ಮನಸ್ಸಿನಲ್ಲೇ ನಾಳೆಯ ಲೆಕ್ಕ ಹಾಕಿದ. ನಾಳೆಯಿಂದ ಈ ಬಸ್ಸಿಲ್ಲ. ಅವಳಿಗೆ ಇನ್ನೂ ಕೆಲವು ವರ್ಷ ನೌಕರಿಯಿದೆ. ತಾನು ಮನೆಯಲ್ಲಿ ಅತ್ತೆಯೆದುರು ಕೂತಿರಬೇಕು, ಸಂಜೆ ಇವಳು ಬಂದು ಹೌದು ರೀ, ಹೌದು ರೀ ಎನ್ನುತ್ತ ಬೆಣ್ಣೆ ಸವರಬೇಕು. ಜಗಳ ಮುಗಿದ ಮೇಲೆ ಇವಳೊಡನೆ ಏನು ಮಾತಾಡುವುದು? ತರಕಾರಿಯ ಬಗ್ಗೆಯೇ? ಮೊಣಕಾಲು ನೋವಿನ ಬಗ್ಗೆಯೇ? ಬೇರೆ ಗಂಡಹೆಂಡಿರು ಏನು ಮಾತಾಡುತ್ತಾರೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಸಂಸ್ಥೆಯ ಮುಂಬಾಗಿಲಿನ ದೊಡ್ಡ ಗೋಡೆಗೆ ಏಣಿ ಒರಗಿತ್ತು. ಏಣಿಯ ಮೇಲೆ ಪೇಂಟರ್. ನಿವೃತ್ತಿಯಾಗುವವರ ಸಂಶೋಧನೆಯನ್ನು ಗೋಡೆಯ ಮೇಲೆ ಬಿಡಿಸುವುದು ನಿರ್ದೇಶಕ ತಂದ ಹೊಸ ಪದ್ಧತಿ. ಹಿಂದಿನ ವರ್ಷ ಏಡಿಯವರು ನಿವೃತ್ತರಾದಾಗ ಬಿಡಿಸಿದ ಏಡಿಯನ್ನು ಕಂಡು ಜನ ಹೋಟೆಲೆಂದು ಒಳಗೆ ಬರುತ್ತಿದ್ದರು. ಈ ಸಲ ಜಿರಳೆಗಳ ವಂಶವೃಕ್ಷ. ಕಾಂಡ ಬಿಡಿಸಿಯಾಗಿತ್ತು, ಕಂದು ಕೊಂಬೆಗಳೂ ಆಗಿದ್ದವು. ಕೆಂಪು ಕೊಂಬೆ ಮಾತ್ರ ಬಾಕಿ. ಪೇಂಟರ್ ಎರಡು ಸಲ ಬಿಡಿಸಿ ಎರಡು ಸಲ ಸುಣ್ಣ ಬಳಿದಿದ್ದ, ಏಕೆಂದರೆ ಬೆಳಿಗ್ಗೆ ಯಜಮಾನರು ಬಂದು ಒಂದು ಮಾಡಿಸಿದರೆ ಮಧ್ಯಾಹ್ನ ಯಜಮಾನಿ ಬಂದು ಹಲವು ಮಾಡಿಸುತ್ತಿದ್ದಳು. ಅವರನ್ನು ಕಂಡವನೇ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು, "ಸಾರ್, ಮೇಡಮ್, ಕೈ ಮುಗಿತೀನಿ, ಇವತ್ತು ಸಾಯಂಕಾಲ ಪರದೆ ಸರಿಸ್ತಾರಂತೆ. ಎಷ್ಟು ಕೊಂಬೆ ಬಿಡಿಸ್ಲಿ, ಒಂದೇ ಮಾತು ಹೇಳಿ," ಎಂದ. ಅವನು ಗಂಟಲು ಸರಿಮಾಡಿಕೊಂಡ. ಇದೇ ಸಮಯ, ಹೇಳಿಬಿಡು. ಹೆಂಡತಿ ಅವನಿಗಿಂತ ಮೊದಲೇ, ಗಟ್ಟಿಯಾಗಿ, ಗೋಡೆಗೆ ಹೇಳುವಂತೆ ಹೇಳಿದಳು: "ಒಂದೇ."

"ಒಂದೇನಾ ಮೇಡಮ್?" ಪೇಂಟರ್ ಏಣಿಯಿಂದ ಬೀಳುವುದರಲ್ಲಿದ್ದ.

"ಒಂದೇ ಅಂದ್ನಲ್ಲ. ಅವರು ಹೇಳಿದ ಹಾಗೇ. ಕೆಳಗೆ ಅವರ ಹೆಸರು ಹಾಕಿ, ದೊಡ್ಡದಾಗಿ."

ಎಂದು ಹೇಳಿ, ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಗೋಡೆ ಅಂದರೆ ಗೋಡೆ. ಪುಸ್ತಕವಾದರೆ ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಇವಳೇಕೆ ಬಿಟ್ಟುಕೊಟ್ಟಳು? ನನ್ನ ಕೊನೆಯ ದಿನವೆಂದು ಕನಿಕರವೇ? ಮಕ್ಕಳಿಗೆ ಆಟದಲ್ಲಿ ಸೋತುಕೊಡುತ್ತಾರಲ್ಲ ದೊಡ್ಡವರು, ಹಾಗೆಯೇ? ಆದರೂ, ಮನಸ್ಸು ಎಂಥ ಹರಾಮುಕೋರ ಎಂದರೆ, ಅದೇ ಕ್ಷಣದಲ್ಲಿ ಅವನ ಒಳಗಿನ ಇನ್ನೊಬ್ಬ ಹಲ್ಲು ಕಿರಿಯುತ್ತ ಹೇಳಿದ: ಸುಮ್ಮನಿರು. ಫಲಿತಾಂಶ ಬಂದದ್ದು ಯಾರಿಗೆ ಗೊತ್ತು? ನಾಳೆ ತೆಗೆದರಾಯಿತು, ಒಟ್ಟಿಗೆ, ಚಹಾ ಕುಡಿಯುತ್ತ, ಅಯ್ಯೋ ನಾಲ್ಕಾ ಎಂದು ಆಶ್ಚರ್ಯಪಟ್ಟರಾಯಿತು. ಗೋಡೆಯ ಮೇಲಂತೂ ನಿನ್ನದೇ ಇರುತ್ತದೆ. ಅವನು ಆ ಇನ್ನೊಬ್ಬನನ್ನು ಬೈಯಲಿಲ್ಲ. ಪೇಂಟರಿಗೆ, "ಕೊಂಬೆ ಆಮೇಲೆ ಬಿಡಿಸಿ, ಮೊದಲು ಎಲೆ ಮಾಡಿ," ಎಂದು ಹೇಳಿ ಜಾರಿಕೊಂಡ.

ಕೋಣೆಯಲ್ಲಿ ಜಿರಳೆಗಳು ತಮ್ಮ ಪಾಡಿಗೆ ತಾವಿದ್ದವು. ಎಡಗಡೆ ಅವಳ ಪೆಟ್ಟಿಗೆಗಳು, ಒದ್ದೆ ಮರದ ತುಂಡುಗಳೊಳಗೆ ಕಪ್ಪಗೆ ಮಿರುಗುವ ಮರದವು. ಬಲಗಡೆ ಅವನ ತೊಟ್ಟಿಗಳು, ಮಣ್ಣು ತುಂಬಿದವು, ಅದರೊಳಗೆ ಅಂಗೈಯಷ್ಟು ಅಗಲದ ಮಣ್ಣಿನವು. ಅವನು ರಸ್ತೆಯಲ್ಲಿ ಆರಿಸಿ ತಂದ ಒಣಗಿದೆಲೆಗಳನ್ನು ತೊಟ್ಟಿಗೆ ಸುರಿದ. ಒಂದು ಮುದಿ ಹೆಣ್ಣು ಬಿಲದಿಂದ ತಲೆ ಹಾಕಿ, ಎಲೆಯೊಂದನ್ನು ಕಚ್ಚಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಎಳೆದುಕೊಂಡು ಹೋಯಿತು. ನಿನ್ನ ಅಜ್ಜಿ ಎಲ್ಲಿಯವಳೇ, ಎಂದು ಅವನು ಕೇಳಿದ. ಇಷ್ಟು ವರ್ಷ ಮೇವು ಹಾಕಿದ್ದೇನೆ, ಒಂದು ಮಾತು ಹೇಳಬಾರದಿತ್ತೆ? ಪಕ್ಕದ ಪೆಟ್ಟಿಗೆಯಲ್ಲಿ ಹೊಸ ಜೋಡಿಯೊಂದು ರೆಕ್ಕೆ ಮೇಯುತ್ತಿತ್ತು. ಮರದವುಗಳದ್ದು ಇದೊಂದು ವಿಚಿತ್ರ, ಜೋಡಿ ಕೂಡಿದ ಮೇಲೆ ಅದರ ರೆಕ್ಕೆಯನ್ನು ಇದು, ಇದರ ರೆಕ್ಕೆಯನ್ನು ಅದು, ಬುಡದವರೆಗೆ ತಿಂದುಬಿಡುತ್ತವೆ; ಇನ್ನು ಹಾರುವುದೇನಿದೆ, ದಿಮ್ಮಿಯೊಳಗೇ ತಾನೆ ಬಾಳ್ವೆ. ಇದನ್ನು ಮೊದಲ ಸಲ ಕಂಡಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, "ನಮ್ಮನ್ನ ನೋಡಿ ಕಲಿತಿವೆ ರೀ," ಎಂದಿದ್ದಳು. ಆಗ ಮದುವೆಯಾಗಿ ಕೆಲವೇ ತಿಂಗಳು. ಕಾಡಿಗೆ ಹೋಗಿದ್ದರು, ಜೊತೆಗೆ ಗೆಳೆಯರ ತಂಡ. ಅವನು ಮಣ್ಣಿನ ತೂತಿಗೆ ಹೆಗಲಿನ ತನಕ ಕೈ ತೂರಿಸಿ ಒಂದು ಮರಿಯನ್ನು ಎಳೆದು ತೆಗೆದ. ಮಣ್ಣಿನದು, ಮಣ್ಣಿನದು, ಎಂದು ಕುಣಿದ. ಅವಳು ಅದರ ಕಾಲನ್ನು ಬಿಡಿಸಿ ನೋಡಿ, ಮೆಲ್ಲಗೆ, "ಇದು ಮರದ್ದು ಅನ್ಸುತ್ತೆ. ಆಚೆ ದಿಮ್ಮಿ ಪುಡಿಯಾಗಿದೆ ನೋಡಿ, ಮನೆ ಬಿದ್ದುಹೋಗಿ ಇಲ್ಲಿಗೆ ಓಡಿಬಂದಿದೆ," ಎಂದಳು. "ಬಿಲದಲ್ಲಿ ಸಿಕ್ಕಿದ್ದು ಬಿಲದ್ದಲ್ದೆ ನಿಮ್ಮಪ್ಪನ ಮನೇದಾ?" ಎಂದ ಅವನು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಆಮೇಲೆ ಊಟದವರೆಗೂ ಅವನ ಕಡೆ ತಿರುಗಲಿಲ್ಲ.

ಆ ಮರಿ ದೊಡ್ಡದಾಗುವ ಮೊದಲೇ ಸತ್ತಿತು, ಅದರ ಕಾಲೊಂದು ಶೀಷೆಯಲ್ಲಿ ಉಳಿಯಿತು. ಆ ಕಾಲನ್ನು ಮಣ್ಣಿನದೆಂದೇ ಬರೆದುಕೊಂಡು, ಅದರಿಂದಲೇ ಅವನು ತನ್ನ ಮೊದಲ ವಂಶವೃಕ್ಷ ಮಾಡಿದ್ದು. ಅದೂ ಇನ್ನೊಂದು ಮಣ್ಣಿನದೂ ಎರಡು ಕೆಂಪು ಚುಕ್ಕೆಗಳಾಗಿ ಅಕ್ಕಪಕ್ಕ ಬಂದು ಕೂತವು, ಒಂದೇ ಸಲ ಎಂಬುದು ಸಿದ್ಧವಾಯಿತು, ಪದವಿ ಬಂತು, ಹೆಸರು ಬಂತು, ಅಡ್ಡಹೆಸರೂ ಬಂತು. ಇವತ್ತು ಬೆಳಿಗ್ಗೆ ಮೊಬೈಲಿನಲ್ಲಿ ಅದೇ ಕಾಲು ಕಂಡಿತ್ತು: ಶುದ್ಧ ಕಂದು ಚುಕ್ಕೆ. ಮರದ್ದು. ಮನೆ ಬಿದ್ದು ಓಡಿಬಂದದ್ದು. ಅವನ ವಿದ್ವತ್ತೆಲ್ಲ ದಾರಿ ತಪ್ಪಿ ಬಿಲಕ್ಕೆ ಬಂದ ಒಂದು ಪಾಪದ ಮರಿಯ ಕಾಲಿನ ಮೇಲೆ ನಿಂತಿತ್ತು. ಹೆಂಡತಿ ಪಕ್ಕದಲ್ಲೇ ನೀರು ಚಿಮುಕಿಸುತ್ತಿದ್ದಳು. "ನೋಡೇ..." ಎಂದ. "ಏನ್ರೀ?" "ಏನಿಲ್ಲ. ಆ ಪೆಟ್ಟಿಗೆಗೆ ನೀರು ಜಾಸ್ತಿ ಆಯ್ತು." "ಹೌದಾ? ಕಮ್ಮಿ ಮಾಡ್ತೀನಿ," ಎಂದಳು. ಬೇರೆ ದಿನವಾಗಿದ್ದರೆ ಆ ಚಿಮುಕಿಸುವ ಡಬ್ಬಿ ಅವನ ಮುಖಕ್ಕೇ ತಿರುಗುತ್ತಿತ್ತು. ಅವನಿಗೆ ಅಳು ಬರುವಂತಾಯಿತು, ಅದಕ್ಕೆ ಕ್ಯಾಂಟೀನಿಗೆ ಹೋಗಿ ಬಿಸ್ಕತ್ತು ತಿಂದ. ಅಲ್ಲಿ ಸಿಕ್ಕವರೆಲ್ಲ ಕೈ ಕುಲುಕಿ, "ಅಂತೂ ಮೇಡಮ್ಮನ್ನ ಒಪ್ಪಿಸಿಬಿಟ್ರಂತೆ! ಪೇಂಟರ್ ಹೇಳ್ದ. ಹೇಗೆ ಸಾರ್, ನಮಗೂ ಸ್ವಲ್ಪ ಹೇಳಿಕೊಡಿ," ಎಂದರು. ಅವನು ಪೆಚ್ಚುಮೋರೆಯಲ್ಲಿ ನಕ್ಕ. ಬಿಸ್ಕತ್ತಿನ ಚೂರು ಗಂಟಲಿಗೆ ಸಿಕ್ಕಿಕೊಂಡು ಯಾರೋ ಬೆನ್ನಿಗೆ ಗುದ್ದಿದರು.

ಮಧ್ಯಾಹ್ನದ ಬೀಳ್ಕೊಡುಗೆ ಸಭೆಯಲ್ಲಿ ಅತ್ತೆ ಮೊದಲ ಸಾಲಿನಲ್ಲೇ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಿರ್ದೇಶಕ, ಒಂದು ಕಾಲದಲ್ಲಿ ಅವನ ಬಳಿಯೇ ಜಿರಳೆಯ ಕಾಲು ಕತ್ತರಿಸಲು ಕಲಿಯುತ್ತ ಮೂರ್ಛೆ ಹೋಗಿದ್ದವನು, ಈಗ ಕೋಟು ಹಾಕಿಕೊಂಡು ಹೂಗುಚ್ಛ ಕೊಟ್ಟ, ಗೋಡೆ ಗಡಿಯಾರ ಕೊಟ್ಟ, ಸಂಸ್ಥೆಯ ಗೋಡೆಯ ಮೇಲೆ ಗುರುಗಳು ಶಾಶ್ವತವಾಗಿರುತ್ತಾರೆಂದ. ಜಿರಳೆಗಳಿಗೂ ಗುರುಗಳಿಗೂ ಇರುವ ಅವಿನಾಭಾವದ ಬಗ್ಗೆ ಹೇಳಹೊರಟು ವಾಕ್ಯದ ನಡುವೆ ದಾರಿ ತಪ್ಪಿದ. ಆಮೇಲೆ ಹೆಂಡತಿಯನ್ನು ಕರೆದ. ಅವಳು ಮೈಕಿನ ಮುಂದೆ ನಿಂತು, ಸಭೆಯನ್ನು ನೋಡದೆ, ಮೇಜಿನ ಮೇಲಿನ ನೀರಿನ ಲೋಟವನ್ನು ನೋಡುತ್ತ ಹೇಳಿದಳು: "ನಾನು ಇಷ್ಟು ವರ್ಷ ಹಲವು ಸಲ ಅಂತ ಹಠ ಹಿಡಿದೆ. ಇವತ್ತು ಹೇಳ್ತೀನಿ. ಇವರು ಹೇಳಿದ್ದೇ ಸರಿ. ಇಳಿದದ್ದು ಒಂದೇ ಸಲ." ಸಭೆಯಲ್ಲಿ ಚಪ್ಪಾಳೆಯ ಸುರಿಮಳೆಯಾಯಿತು. ಅವನ ಒಳಗಿನ ಆ ಇನ್ನೊಬ್ಬ ಈಗ ಕುಣಿಯಬೇಕಿತ್ತು, ಇಂಥ ಒಂದು ಮಾತಿಗಾಗಿ ಅಲ್ಲವೇ ಬದುಕೆಲ್ಲ ಬಾಯಿ ಬಡಿದುಕೊಂಡದ್ದು. ಕುಣಿಯಲಿಲ್ಲ. ಅವಳ ಕತ್ತಿನ ಹಿಂಭಾಗ ಕಾಣುತ್ತಿತ್ತು, ಬಗ್ಗಿದ ಕತ್ತು. ಯಾವತ್ತೂ ಬಗ್ಗದ ಕತ್ತು. ಅದನ್ನು ನೋಡಿ ಅವನಿಗೆ ಎಲ್ಲಿತ್ತೋ ಸಿಟ್ಟು, ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದುನಿಂತ.

"ಸುಳ್ಳು!" ಎಂದ. ಚಪ್ಪಾಳೆ ನಿಂತಿತು. "ಹಲವು ಸಲ ಇಳಿದಿವೆ."

ಹೆಂಡತಿ ತಿರುಗಿದಳು. "ಕೂತ್ಕೊಳ್ರಿ ಸುಮ್ನೆ. ಒಂದೇ ಸಲ."

"ಹಲವು ಸಲ ಅಂದ್ರೆ ಹಲವು ಸಲ! ಕಷ್ಟ ಒಂದೇ ಆದ್ರೆ ಕಾಲೂ ಒಂದೇ ಥರ ಆಗುತ್ತೆ, ಅಷ್ಟಕ್ಕೇ ಅಣ್ಣತಮ್ಮಂದಿರು ಅನ್ನಕ್ಕಾಗುತ್ತಾ?"

"ಅದು ನನ್ನ ಮಾತು ರೀ!"

"ನಿನ್ನ ಮಾತೇ. ಸರಿಯಾದ ಮಾತು. ಅದನ್ನ ಬಿಟ್ಟು ನನ್ನ ಮಾತು ಯಾಕೆ ಆಡ್ತಾ ಇದ್ದೀಯ?"

"ಬಿಲದಲ್ಲಿ ಸಿಕ್ಕಿದ್ದು ಬಿಲದ್ದೇ," ಎಂದಳು ಅವಳು, ಈಗ ಅವಳ ಬೆರಳೂ ಮೇಲೆದ್ದಿತ್ತು. "ನಮ್ಮಪ್ಪನ ಮನೇದಲ್ಲ. ಒಂದೇ ಸಲ, ಒಂದೇ ಸಲ, ಒಂದೇ ಸಲ!"

ಸಭೆಗೆ ತಲೆಬುಡ ಅರ್ಥವಾಗಲಿಲ್ಲ. ನಿರ್ದೇಶಕ ಇಬ್ಬರ ನಡುವೆ ಹೂಗುಚ್ಛವನ್ನು ಗುರಾಣಿಯಂತೆ ಹಿಡಿದುಕೊಂಡು, "ಗುರುಗಳೇ, ಹಾಗಾದ್ರೆ... ಯಾರು ಗೆದ್ದದ್ದು?" ಎಂದ. ಬಾಗಿಲಲ್ಲಿ ಪೇಂಟರ್ ಕೆಂಪು ಬಣ್ಣದ ಡಬ್ಬಿ ಹಿಡಿದು ನಿಂತು, ಮಾತು ಆ ಕಡೆ ಹೋದಾಗ ಆ ಕಡೆ, ಈ ಕಡೆ ಬಂದಾಗ ಈ ಕಡೆ ತಲೆ ತಿರುಗಿಸುತ್ತಿದ್ದ. ಗಂಡ ಮೈಕನ್ನು ಕಿತ್ತುಕೊಂಡು, "ಡಿಎನ್‌ಎ ಬಂದಿದೆ! ನಾಲ್ಕು ಸಲ!" ಎಂದು ಕಿರುಚಿದ. ಮೈಕೂ ಕಿರುಚಿತು.

"ನಂಗೆ ಗೊತ್ತು," ಎಂದಳು ಹೆಂಡತಿ.

"ಏನು ಗೊತ್ತು?"

"ನಾಲ್ಕು ಅಂತ. ನಿನ್ನೆನೇ ಆ ಪ್ರಯೋಗಾಲಯದ ಹುಡುಗಿಗೆ ಫೋನ್ ಮಾಡಿ ಕೇಳ್ದೆ. ತಡ್ಕೊಳ್ಳಕ್ಕಾಗ್ಲಿಲ್ಲ."

"ಒಟ್ಟಿಗೆ ನೋಡ್ಬೇಕು ಅಂತ ಆಣೆ ಹಾಕ್ಸಿದ್ದು ನೀನೇ ಅಲ್ವೇನೆ!"

"ನೀವೇನು ದೊಡ್ಡ ಸಾಚಾನಾ? ನೀವು ಯಾವಾಗ ನೋಡಿದ್ರಿ? ಎಲ್ಲಿ ನೋಡಿದ್ರಿ?"

ಅವನು ಬಾಯಿ ತೆರೆದು, ಸಭೆಯನ್ನು ನೋಡಿ, ಮುಚ್ಚಿದ. ಮೊದಲ ಸಾಲಿನಿಂದ ಅತ್ತೆ ಎದ್ದುನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಕಕ್ಕಸಲ್ಲಿ! ಬೆಳಿಗ್ಗೆ ನನ್ನ ಹೊರಗೆ ನಿಲ್ಸಿ ಇದನ್ನಾ ನೋಡ್ತಾ ಇದ್ದದ್ದು?"

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಉರುಳಿಕೊಂಡು ಬಂತು. ಅವನು ನಗಲಿಲ್ಲ. ಗೊತ್ತಿದ್ದೂ ಬಿಟ್ಟುಕೊಟ್ಟಳು. ಗೊತ್ತಿದ್ದೂ ಬೆಣ್ಣೆ ಸವರಿದಳು. "ಅಷ್ಟು ಕನಿಕರನಾ ನನ್ನ ಮೇಲೆ?" ಎಂದು ಮೈಕಿನ ಮುಂದಿದ್ದೇನೆಂಬುದನ್ನೂ ಮರೆತು ಕೇಳಿದ. "ಇಷ್ಟು ವರ್ಷ ಸರಿಸಮ ನಿಂತು ಜಗಳ ಆಡಿದ್ದೀಯ. ಒಂದು ದಿನ, ಒಂದೇ ಒಂದು ದಿನ ಬಗ್ಗಿದ್ಯಾ? ಇವತ್ತು ಯಾಕೆ ನನ್ನನ್ನ ಹಲ್ಲಿಲ್ಲದ ಮುದುಕನ ಥರ..." ಅವಳು ಲೋಟದ ನೀರು ಕುಡಿದಳು. ಅವನು ಸಭೆಗೆ ತಿರುಗಿ, ಪಾಠ ಒಪ್ಪಿಸುವವನ ಹಾಗೆ, ಒಂದೊಂದೇ ಮಾತಾಗಿ ಹೇಳಿದ: "ಇಳಿದದ್ದು ನಾಲ್ಕು ಸಲ. ಹೇಳಿದ್ದು ಇವಳು. ಮೊದಲನೇ ದಿನದಿಂದ ಹೇಳಿದ್ದಾಳೆ, ಒಂದು ಮರಿಯ ಕಾಲು ನೋಡಿದ ಕೂಡಲೇ ಹೇಳಿದ್ಲು. ನಾನು ನಗಾಡಿದೆ, ನಾಲ್ಕು ಜನರ ಮುಂದೆ. ತಪ್ಪು ನಂದು. ಗೋಡೆ ಮೇಲೆ ಇವಳ ಹೆಸರು ಹಾಕಿ." ಪೇಂಟರ್, "ನಾಲ್ಕೇ ತಾನೆ ಸಾರ್? ಇನ್ನು ಬದಲಾಗಲ್ವಲ್ಲ?" ಎಂದು ಎರಡೆರಡು ಸಲ ಕೇಳಿ, ಯಾರಾದರೂ ಮನಸ್ಸು ಬದಲಿಸುವ ಮೊದಲೇ ಓಡಿದ.

ಅತ್ತೆ ಗಡಿಯಾರವನ್ನೂ ಹೂಗುಚ್ಛವನ್ನೂ ಎತ್ತಿಕೊಂಡು ನಿರ್ದೇಶಕನ ಕಾರು ಹತ್ತಿದರು, ನಿಮ್ಮಿಬ್ಬರ ಜೊತೆ ಬಂದರೆ ಬಸ್ಸಿನಲ್ಲೂ ಮರ್ಯಾದೆ ಉಳಿಯಲ್ಲ ಎಂದು. ಗಂಡಹೆಂಡಿರು ಬಸ್ಸಿನಲ್ಲಿ ಪಕ್ಕಪಕ್ಕ ಕೂತರು. ಹಿಂದಿನ ಸೀಟಿನಲ್ಲಿ ಗುಮಾಸ್ತ ಉಸಿರು ಬಿಗಿಹಿಡಿದು ಕೂತಿದ್ದ. ಗಂಡ ಏನು ಹೇಳುವುದೆಂದು ಹುಡುಕಿದ. ನೀನು ಗೆದ್ದೆ ಎನ್ನುವುದೇ? ಹೇಳಿಯಾಯಿತು. ಕ್ಷಮಿಸು ಎನ್ನುವುದೇ? ಬಸ್ಸಿನಲ್ಲಿ? ಊರು ಕಿಟಕಿಯಲ್ಲಿ ಹಿಂದೆ ಹಿಂದೆ ಹೋಗುತ್ತಿತ್ತು, ಔಷಧದಂಗಡಿ, ಸೈಕಲ್ ರಿಪೇರಿಯವನು, ಮುಚ್ಚಿದ ಬ್ಯಾಂಕು. ತರಕಾರಿ ಅಂಗಡಿ ಬಂತು. ಬದನೆಕಾಯಿ ಚೆನ್ನಾಗಿದೆ ಎನ್ನಲೇ ಎಂದು ಯೋಚಿಸಿ, ಯೋಚಿಸಿದ್ದಕ್ಕೇ ಅವನ ಮೈ ಜುಮ್ಮೆಂದಿತು. ಆಗ ನೋಡಿದರೆ ಅವಳು ಅಳುತ್ತಿದ್ದಳು. ಸದ್ದಿಲ್ಲದೆ, ಮೂಗು ಕೆಂಪು ಮಾಡಿಕೊಂಡು, ಬೆಳಿಗ್ಗೆ ನೆಗಡಿಯೆಂದುಕೊಂಡಿದ್ದ ಅದೇ ಮೂಗು.

"ಏನಾಯ್ತೇ? ಗೆದ್ದಿದ್ದೀಯಲ್ಲ."

"ಅದಕ್ಕೇ," ಎಂದಳು. "ನಿನ್ನೆ ಆ ಹುಡುಗಿ ನಾಲ್ಕು ಅಂದಾಗ ಖುಷಿ ಆಗ್ಬೇಕಿತ್ತು. ಫೋನ್ ಇಟ್ಟು ಕೂತೆ, ಅಳು ಬಂತು. ಕನಿಕರನೂ ಇಲ್ಲ ಮಣ್ಣೂ ಇಲ್ಲ ರೀ. ನಾನು ಗೆದ್ರೆ ಜಗಳ ಮುಗಿಯುತ್ತೆ. ನಾನು ಸೋತ್ರೆ, ನಿಮಗೇ ತಡ್ಕೊಳ್ಳಕ್ಕಾಗಲ್ಲ, ನೀವೇ ಎದ್ದು ಏನಾದ್ರೂ ತಕರಾರು ತೆಗೀತೀರಿ ಅಂದ್ಕೊಂಡೆ. ನೀವು ನೋಡಿದ್ರೆ ಎಲ್ಲಾ ಒಪ್ಪಿಬಿಟ್ರಿ, ಹೆಸರು ಬೇರೆ ಹಾಕಿಸಿದ್ರಿ. ಇನ್ನು ಸಂಜೆ ಮನೆಗೆ ಬಂದು ನಿಮ್ಮ ಹತ್ರ ಏನು ಮಾತಾಡ್ಲಿ ನಾನು? ಹೇಳಿ."

ಅವನು ಅವಳನ್ನು ನೋಡಿದ. ಹಿಂದಿನ ಸೀಟಿನಲ್ಲಿ ಗುಮಾಸ್ತ ಮೂಗು ಸುರ್ರೆಂದು ಎಳೆದುಕೊಂಡ. ತಾನು ಬೆಳಿಗ್ಗೆ ಇದೇ ಬಸ್ಸಿನಲ್ಲಿ ಹೆದರಿ ಕೂತಿದ್ದ ಹೆದರಿಕೆಯನ್ನೇ ಇವಳೂ ಹೆದರಿ ಕೂತಿದ್ದಳಲ್ಲ, ಮಗ್ಗುಲಲ್ಲೇ, ಕಿಟಕಿಯ ಹೊರಗೆ ನೋಡುತ್ತ. ಅವನು ಜೇಬಿನಿಂದ ಮೊಬೈಲು ತೆಗೆದ, ಆ ವಂಶವೃಕ್ಷವನ್ನು ತೆರೆದ, ಮೊದಲಿಂದ ಕೊನೆಯವರೆಗೆ ನೋಡಿದ, ಮತ್ತೆ ನೋಡಿದ. ಕನ್ನಡಕ ಹಣೆಗೇರಿಸಿದ. ಮೂರನೆಯ ಕೊಂಬೆಯ ಬಳಿ ಬೆರಳಿಟ್ಟು, ಮೆಲ್ಲಗೆ, ಏನೋ ಸಣ್ಣ ವಿಷಯ ಹೇಳುವಂತೆ ಹೇಳಿದ:

"ಇಳಿದದ್ದೇನೋ ನಾಲ್ಕು ಸಲ. ಆದ್ರೆ ಇಲ್ಲಿ ನೋಡು. ಸುತ್ತ ಎಲ್ಲಾ ಕೆಂಪು, ನಡುವೆ ಈ ಒಂದು ಕಂದು. ಇದೆಲ್ಲಿಂದ ಬಂತು? ನಂಗನ್ನಿಸುತ್ತೆ, ಇದು ಇಳಿದು, ಮಣ್ಣಲ್ಲಿ ಇದ್ದು, ಬೇಜಾರಾಗಿ, ವಾಪಸ್ ಮರಕ್ಕೆ ಹೋಗಿದೆ."

ಅವಳ ಅಳು ನಿಂತಿತು. "ವಾಪಸ್ಸಾ?"

"ವಾಪಸ್ಸು."

"ಸಲಿಕೆ ಕಾಲು ಇಟ್ಕೊಂಡು?"

"ಕಾಲು ಸರಿಹೋಗುತ್ತೆ."

"ಯಾರ್ರೀ ಹೇಳಿದ್ದು? ಸಾಕ್ಷಿ ಎಲ್ಲಿದೆ?"

"ಹುಡುಕ್ತೀನಿ."

"ಎಲ್ಲಿ ಹುಡುಕ್ತೀರಿ? ನಾಳೆಯಿಂದ ನಿಮಗೆ ಕೆಲಸ ಇಲ್ಲ."

"ಹೂಂ. ಪುರುಸೊತ್ತಿದೆ," ಎಂದ. "ಇನ್ನೊಂದಿಪ್ಪತ್ತು ವರ್ಷ ಆಗಬಹುದು."

ಅವಳು ಮೂಗು ಒರೆಸಿಕೊಂಡಳು, ಕೈಚೀಲವನ್ನು ತೊಡೆಯಿಂದ ಕೆಳಗಿಟ್ಟಳು, ಅವನ ಕಡೆಗೆ ಪೂರ್ತಿ ತಿರುಗಿ ಕೂತಳು. "ತಪ್ಪು," ಎಂದಳು. "ಶುದ್ಧ ತಪ್ಪು. ಬುದ್ಧಿ ಇರೋರು ಆಡೋ ಮಾತೇ ಅಲ್ಲ ಇದು." ಮತ್ತು 'ಯಾಕೆ ತಪ್ಪು ಅಂದ್ರೆ' ಎಂದು ಶುರುಮಾಡಿದಳು.